ಅಡುಗೆ ಮನೆ ಗೋಡೆಗೆ ಟೈಲ್ಸ್: ಮೊದಲು ಒಂದು ಪೀಸ್ ಮನೆಗೆ ತನ್ನಿ

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸುವಾಗ ನಾವು ಅಡುಗೆ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದೆವು. ಹತ್ತಿರದ ಕಲ್ಲು, ಗಟ್ಟಿ ಕಲ್ಲು, ನೋಡಲೂ ಚಂದ. ಗೋಡೆಗೆ ನಾನೇ ತಿಳಿ ಬೂದು ಬಣ್ಣದ ಟೈಲ್ಸ್ ಆರಿಸಿದೆ. ಅಂಗಡಿಯಲ್ಲಿ ಅದು ತೊಳೆದಿಟ್ಟ ಬೆಳ್ಳಿ ತಟ್ಟೆಯ ಹಾಗೆ ಕಾಣುತ್ತಿತ್ತು. ಗವಂಡಿ ಒಂದು ಗೋಡೆ ಮುಗಿಸಿದ ದಿನ ಸಂಜೆ ಹೋಗಿ ನೋಡಿದರೆ, ಬೂದು ಎಲ್ಲಿದೆ? ಗೋಡೆ ತುಂಬ ಒಂದು ಥರದ ಮಾಸಲು ಹಸಿರು. ಬೇರೆ ಬಾಕ್ಸ್ ಕಳಿಸಿದ್ದಾರೆ ಅಂದುಕೊಂಡೆ. ಉಳಿದಿದ್ದ ಒಂದು ಪೀಸ್ ಎತ್ತಿಕೊಂಡು ಅಂಗಳಕ್ಕೆ ಬಂದೆ. ಬೂದು. ಒಳಗೆ ತಂದು ಕೆಂಪು ಕಟ್ಟೆಯ ಮೇಲೆ ನಿಲ್ಲಿಸಿದೆ. ಮತ್ತೆ ಹಸಿರು.

ಅಂಗಡಿಯವರ ತಪ್ಪೇನೂ ಇರಲಿಲ್ಲ. ದಟ್ಟ ಕೆಂಪಿನ ಪಕ್ಕದಲ್ಲಿ ಬೂದು ಇಟ್ಟರೆ ನಮ್ಮ ಕಣ್ಣೇ ಆ ಬೂದಿಗೆ ಸ್ವಲ್ಪ ಹಸಿರು ಸೇರಿಸಿ ನೋಡುತ್ತದೆ. ಕಣ್ಣು ಒಂದು ಬಣ್ಣವನ್ನು ಯಾವಾಗಲೂ ಅದರ ನೆರೆಹೊರೆಯ ಜೊತೆಗೇ ನೋಡುವುದು. ಆ ಗೋಡೆಯ ಜೊತೆ ಹತ್ತು ವರ್ಷ ಕಳೆದು, ಆಮೇಲೆ ಬದಲಾಯಿಸಿದೆವು. ಈ ನಡುವೆ ವಿಜಯಪುರದಲ್ಲಿ ತಂಗಿಯ ಮನೆಗೆ, ಗೋಕಾಕದಲ್ಲಿ ಮಾವನವರ ಮನೆಗೆ ಟೈಲ್ಸ್ ಆರಿಸಲು ನಾನೇ ಹೋದೆ. ಅಲ್ಲಿ ಕಲಿತದ್ದನ್ನು ಕೆಲಸ ಮಾಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

1. ಬದಲಾಗದ ಬಣ್ಣಗಳನ್ನು ಮೊದಲು ಬರೆದುಕೊಳ್ಳಿ

ಟೈಲ್ಸ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಅಡುಗೆ ಮನೆಯಲ್ಲಿ ಒಂದು ನಿಮಿಷ ನಿಂತುಕೊಳ್ಳಿ. ಯಾವುದು ಈಗಾಗಲೇ ಕೂತುಬಿಟ್ಟಿದೆ? ನೆಲ, ಕಟ್ಟೆಯ ಕಲ್ಲು, ಕಿಟಕಿಯ ಚೌಕಟ್ಟು. ಯಾವುದನ್ನು ಇನ್ನೂ ಬದಲಾಯಿಸಬಹುದು? ಕಪಾಟಿನ ಲ್ಯಾಮಿನೇಟ್, ಗೋಡೆಯ ಪೇಂಟ್. ಟೈಲ್ಸ್ ಹೊಂದಬೇಕಾದದ್ದು ಕೂತುಬಿಟ್ಟ ವಸ್ತುಗಳಿಗೆ. ಪೇಂಟ್ ಒಂದು ದಿನದ ಕೆಲಸ, ಅದನ್ನು ಕೊನೆಗೆ ಟೈಲ್ಸ್‌ಗೆ ಹೊಂದಿಸಿದರಾಯಿತು. ತುಂಬ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಪೇಂಟ್ ಮುಗಿಸಿ, ಅದರ ಕಾರ್ಡ್ ಹಿಡಿದುಕೊಂಡು ಟೈಲ್ಸ್ ಹುಡುಕುತ್ತಾರೆ.

ಕಟ್ಟೆಯ ಕಲ್ಲಿನದೊಂದು ತುಂಡು ಎತ್ತಿಟ್ಟುಕೊಳ್ಳಿ. ಸಿಂಕ್‌ಗೆಂದು ಗ್ರಾನೈಟ್ ಕೊರೆದಾಗ ಬರುವ ತುಂಡು ಸಾಮಾನ್ಯವಾಗಿ ಅಂಗಳದಲ್ಲೇ ಬಿದ್ದಿರುತ್ತದೆ. ಅದರಲ್ಲಿ ಅಂಗೈ ಅಗಲದ ಚೂರು ಸಾಕು. ಲ್ಯಾಮಿನೇಟ್‌ನ ಸ್ಯಾಂಪಲ್ ತುಂಡನ್ನು ಬಡಿಗರ ಹತ್ತಿರ ಕೇಳಿ ತೆಗೆದುಕೊಳ್ಳಿ. ಇವೆರಡೂ ಕೈಚೀಲದಲ್ಲಿ ಇರಲಿ. ಮೊಬೈಲ್ ಫೋಟೊ ನಂಬಿಕೊಂಡು ಹೋಗಬೇಡಿ. ಒಂದೇ ಕಲ್ಲು ಒಬ್ಬೊಬ್ಬರ ಮೊಬೈಲ್‌ನಲ್ಲಿ ಒಂದೊಂದು ಥರ ಕಾಣುತ್ತದೆ.

2. ನಿಮ್ಮ ಅಡುಗೆ ಮನೆಯ ಬೆಳಕನ್ನು ತಿಳಿದುಕೊಳ್ಳಿ

ನನಗೆ ಅತಿ ಮುಖ್ಯ ಅನಿಸುವುದು ಇದು. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಮ್ಮ ಕಡೆ ಬಹಳ ಮನೆಗಳಲ್ಲಿ ಅಡುಗೆ ಮನೆ ಆಗ್ನೇಯ ಮೂಲೆಗೆ ಬರುತ್ತದೆ. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುವಂತೆ ಒಲೆ ಇಡುತ್ತಾರೆ. ಒಲೆಯ ಹಿಂದಿನ ಗೋಡೆ ಎಂದರೆ ಪೂರ್ವದ ಗೋಡೆ, ಕಿಟಕಿಯೂ ಅದರಲ್ಲೇ. ಈಗ ಯೋಚಿಸಿ. ಬೆಳಿಗ್ಗೆ ಬಿಸಿಲು ಆ ಕಿಟಕಿಯಿಂದ ಒಳಗೆ ಬೀಳುತ್ತದೆ. ಆದರೆ ಕಿಟಕಿ ಇರುವ ಗೋಡೆಯ ಮೇಲೆ ಬೀಳುವುದಿಲ್ಲ, ಅಲ್ವಾ? ಆ ಗೋಡೆ ಬೆಳಕಿಗೆ ಬೆನ್ನು ಮಾಡಿ ನಿಂತಿರುತ್ತದೆ. ಕಿಟಕಿಯ ಹೊಳಪಿನ ಪಕ್ಕದಲ್ಲಿ ಅದು ಇನ್ನೂ ಮಂಕಾಗಿ ಕಾಣುತ್ತದೆ. ಅಂಥ ಗೋಡೆಗೆ ಅಂಗಡಿಯಲ್ಲಿ ಮೆಚ್ಚಿದ ಗಾಢ ಬಣ್ಣ ಹಾಕಿದರೆ ಮನೆಯಲ್ಲಿ ಅದು ಕಪ್ಪಿಗೇ ಹತ್ತಿರವಾಗುತ್ತದೆ. ಅಲ್ಲಿಗೆ ನೀವು ಅಂದುಕೊಂಡದ್ದಕ್ಕಿಂತ ಒಂದೆರಡು ಛಾಯೆ ತಿಳಿಯಾದ ಬಣ್ಣ ಬೇಕು.

ದಕ್ಷಿಣದ ಗೋಡೆಯಲ್ಲಿ ದೊಡ್ಡ ಕಿಟಕಿ ಇದ್ದರೆ ಕಥೆ ಬೇರೆ. ಅಡುಗೆ ಮನೆ ದಿನವಿಡೀ ಬೆಳಗುತ್ತದೆ. ನಮ್ಮ ಬಿಸಿಲಿಗೆ ಹಾಲು ಬಿಳುಪಿನ ಹೊಳಪು ಟೈಲ್ಸ್ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಕೆನೆ ಬಣ್ಣವೋ ಗೋಧಿ ಬಣ್ಣವೋ ಹಿತ.

ಹಳೆಯ ಮಾಳಿಗೆ ಮನೆಯಾಗಿದ್ದು, ಅಡುಗೆ ಮನೆಗೆ ಬೆಳಕಿಂಡಿ ಬಿಟ್ಟರೆ ಬೇರೆ ದಾರಿ ಇಲ್ಲವೇ? ಅಂಥಲ್ಲಿ ಯೋಚನೆಯೇ ಬೇಡ. ತಿಳಿ ಬಣ್ಣ, ಹೊಳಪಿನ ಮೈ. ಹೊಳಪಿನ ಟೈಲ್ಸ್ ಇದ್ದಷ್ಟು ಬೆಳಕನ್ನು ಮತ್ತೆ ಒಳಕ್ಕೇ ತಿರುಗಿಸುತ್ತದೆ.

ಇನ್ನು ರಾತ್ರಿಯ ಬೆಳಕು. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ. 2700 ಅಥವಾ 3000 ಇದ್ದರೆ ಹಳದಿ ಬೆಳಕು, 4000 ನಡುವಿನದು, 6500 ನೀಲಿ ಬೆರೆತ ಬಿಳಿ ಬೆಳಕು. ನೀಲಿ ಬೆಳಕಲ್ಲಿ ಕೆನೆ ಬಣ್ಣದ ಟೈಲ್ಸ್ ಸೊರಗಿದಂತೆ ಕಾಣುತ್ತದೆ. ಹಳದಿ ಬೆಳಕಲ್ಲಿ ಬೂದು ಟೈಲ್ಸ್ ಮಣ್ಣು ಮೆತ್ತಿದ ಹಾಗೆ. ಮೊದಲು ನಿಮ್ಮ ಅಡುಗೆ ಮನೆಯ ಬಲ್ಬ್ ಯಾವುದು ನೋಡಿ. ನನ್ನ ಆಯ್ಕೆ 4000ದ್ದು. ಆ ಬೆಳಕಲ್ಲಿ ಅನ್ನ ಬಿಳಿಯಾಗೇ ಕಾಣುತ್ತದೆ, ಸಾರು ಕೆಂಪಾಗೇ ಕಾಣುತ್ತದೆ.

ಬಾದಾಮಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಬೆಟ್ಟ ಮಧ್ಯಾಹ್ನ ಒಂದು ಬಣ್ಣ, ಸಂಜೆ ಅಗಸ್ತ್ಯ ತೀರ್ಥದ ಕಡೆಯಿಂದ ನೋಡಿದರೆ ಇನ್ನೊಂದು. ಕಲ್ಲು ಬದಲಾಗಿರುವುದಿಲ್ಲ.

3. ಸೀರೆಯ ಲೆಕ್ಕ ಹಾಕಿ

ಎಷ್ಟು ಬಣ್ಣ ಬಳಸಬಹುದು, ಯಾವುದನ್ನು ಎಷ್ಟು? ಒಳಾಂಗಣ ವಿನ್ಯಾಸ ಮಾಡುವವರು 60, 30, 10 ಎಂಬ ಲೆಕ್ಕ ಹೇಳುತ್ತಾರೆ. ನೂರರಲ್ಲಿ ಅರವತ್ತು ಪಾಲು ಒಂದು ಮುಖ್ಯ ಬಣ್ಣ, ಮೂವತ್ತು ಪಾಲು ಅದಕ್ಕೆ ಜೊತೆಯಾಗುವ ಬಣ್ಣ, ಹತ್ತು ಪಾಲು ಎದ್ದು ಕಾಣುವ ಬಣ್ಣ. ಇದು ನಮಗೆ ಹೊಸದಲ್ಲ. ಇಳಕಲ್ ಸೀರೆ ಹರವಿ ನೋಡಿ. ಒಡಲು ಒಂದೇ ಬಣ್ಣ, ದಾಳಿಂಬೆ ಕೆಂಪೋ ಗಿಳಿ ಹಸಿರೋ ಚಂದ್ರಕಾಳಿಯ ಕಪ್ಪೋ. ಅದಕ್ಕೊಂದು ಅಗಲವಾದ ಅಂಚು. ಕೊನೆಗೆ ಕೆಂಪು ಬಿಳಿಯ ಟೋಪ ತೆನೆ ಸೆರಗು. ಸೆರಗು ಅಷ್ಟು ಎದ್ದು ಕಾಣುವುದು ಒಡಲು ಸುಮ್ಮನೆ ಇರುವುದರಿಂದ.

ಅಡುಗೆ ಮನೆಯಲ್ಲಿ ಒಡಲು ಎಂದರೆ ಗೋಡೆ ಮತ್ತು ಕಪಾಟು. ಅಂಚು ಎಂದರೆ ಕಟ್ಟೆ ಮತ್ತು ನೆಲ. ಟೈಲ್ಸ್ ಒಡಲಾಗಬೇಕೋ ಸೆರಗಾಗಬೇಕೋ, ಅದನ್ನು ನೀವು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಕಪಾಟು ಕಡು ನೀಲಿ ಅಥವಾ ಕೆಂಪು ಇದ್ದರೆ ಸೆರಗು ಅಲ್ಲೇ ಬಂದುಬಿಟ್ಟಿತು, ಟೈಲ್ಸ್ ಸುಮ್ಮನಿರಬೇಕು. ಕಪಾಟು ಬಿಳಿ, ಕೆನೆ ಅಥವಾ ಮರದ ಬಣ್ಣ ಇದ್ದರೆ ಟೈಲ್ಸ್ ಮಾತಾಡಬಹುದು.

ಚಿತ್ತಾರದ ಟೈಲ್ಸ್ ಬಗ್ಗೆಯೂ ಇದೇ ಮಾತು. ಗುಳೇದಗುಡ್ಡದ ಖಣದಲ್ಲಿ ಒಂದೊಂದು ಬೆರಳಗಲಕ್ಕೂ ಒಂದು ಬುಟ್ಟಾ ಇರುತ್ತದೆ. ಕುಪ್ಪಸದಷ್ಟು ಅಳತೆಯಲ್ಲಿ ಅದು ಕಣ್ಣು ಸೆಳೆಯುತ್ತದೆ. ಚಿತ್ತಾರದ ಟೈಲ್ಸ್ ಇಷ್ಟ ಇದ್ದರೆ ಒಲೆಯ ಹಿಂದೆ ಮೂರಡಿ ಅಗಲಕ್ಕೆ ಹಾಕಿಸಿ, ಉಳಿದ ಕಡೆ ಅದೇ ಚಿತ್ತಾರದಲ್ಲಿರುವ ಅತಿ ತಿಳಿ ಬಣ್ಣವನ್ನು ಖಾಲಿ ಟೈಲ್ಸ್‌ನಲ್ಲಿ ತನ್ನಿ. ಚಹಾ ಕಪ್ಪು, ಹಣ್ಣಿನ ಬುಟ್ಟಿ ಅಚ್ಚು ಹಾಕಿದ ಹೈಲೈಟರ್ ಟೈಲ್ಸ್‌ಗೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ. ಎರಡು ವರ್ಷಕ್ಕೆ ಬೇಜಾರು ಬರುತ್ತದೆ. ಟೈಲ್ಸ್ ಇಪ್ಪತ್ತು ವರ್ಷ ಗೋಡೆಯಲ್ಲಿರುತ್ತದೆ.

4. ಕಟ್ಟೆಯ ಕಲ್ಲು ನೋಡಿ ಬಣ್ಣ ಆರಿಸಿ

ಕಪ್ಪು ಗ್ರಾನೈಟ್ ಅಥವಾ ಕಡಪಾ ಕಲ್ಲು ಇದ್ದವರು ಪುಣ್ಯವಂತರು. ಎಲ್ಲಾ ಬಣ್ಣವೂ ಕೂಡುತ್ತದೆ. ಆದರೆ ಕಪ್ಪಿನ ಪಕ್ಕ ಅಚ್ಚ ಬಿಳಿ ಇಟ್ಟರೆ ತೀರಾ ಗೆರೆ ಕೊರೆದಂತೆ ಆಗುತ್ತದೆ. ಕೆನೆ, ತಿಳಿ ಹಸಿರು, ಸಾಸಿವೆ ಹಳದಿಯ ತಿಳಿ ಛಾಯೆ, ಇವು ಮೆತ್ತಗೆ ಕೂಡುತ್ತವೆ.

ಇಳಕಲ್ ಕೆಂಪು ಕಲ್ಲು ಇದ್ದವರು ಬೂದಿನಿಂದ ದೂರ ಇರಿ, ಕಾರಣ ಮೇಲೆ ಹೇಳಿದೆ. ನೀಲಿ ಬೆರೆತ ಬಿಳಿಯೂ ಬೇಡ. ಹಳದಿಯ ಕಡೆ ವಾಲುವ ಬಣ್ಣ ಬೇಕು: ಕೆನೆ, ಬೆಣ್ಣೆ, ದಂತದ ಬಿಳಿ. ಇನ್ನೂ ಸೂಕ್ಷ್ಮವಾಗಿ ಹೊಂದಿಸಬೇಕೆಂದರೆ ಕಲ್ಲಿನ ಚೂರನ್ನು ನೀರಲ್ಲಿ ಅದ್ದಿ ಬಿಸಿಲಿಗೆ ಹಿಡಿಯಿರಿ. ಕೆಂಪಿನ ನಡುವೆ ಕಪ್ಪು ಚುಕ್ಕೆ, ತಿಳಿ ಗುಲಾಬಿಯ ಹರಳು ಕಾಣುತ್ತದೆ. ಆ ಗುಲಾಬಿ ಹರಳಿನ ಬಣ್ಣವನ್ನೇ ಇನ್ನೂ ತಿಳಿ ಮಾಡಿ ಟೈಲ್ಸ್‌ನಲ್ಲಿ ಹುಡುಕಿ. ಈಗ ನಮ್ಮ ಮನೆಯ ಗೋಡೆಯಲ್ಲಿರುವುದು ಅದೇ. ಬಂದವರು ಟೈಲ್ಸ್ ಗಮನಿಸುವುದಿಲ್ಲ, ಕಲ್ಲು ಎಷ್ಟು ಚಂದ ಇದೆ ಅನ್ನುತ್ತಾರೆ. ನನಗೆ ಅದೇ ಖುಷಿ.

ಬಿಳಿ ಕ್ವಾರ್ಟ್ಜ್ ಕಟ್ಟೆ ಇದ್ದರೆ ಟೈಲ್ಸ್‌ಗೆ ಬಣ್ಣ ಬೇಕು. ಎಲ್ಲ ಬಿಳಿಯಾದರೆ ಆಸ್ಪತ್ರೆಯ ಕೋಣೆಯಂತಾಗುತ್ತದೆ. ಎಲೆ ಹಸಿರು, ಇಟ್ಟಿಗೆ ಬಣ್ಣ, ನವಿಲು ನೀಲಿ, ಯಾವುದೂ ನಡೆಯುತ್ತದೆ. ನೆಲಕ್ಕೆ ಹಳೆಯ ಶಹಾಬಾದ್ ಫರಸಿ ಇರುವ ಮನೆಗಳಲ್ಲಿ ಆ ಕಲ್ಲಿನ ಬೂದುಗಪ್ಪನ್ನು ಮುಚ್ಚಿಡುವ ಪ್ರಯತ್ನ ಬೇಡ. ಅದರ ಜೊತೆ ತಿಳಿ ಹಸಿರು ಅಥವಾ ಬಿಳಿ ಟೈಲ್ಸ್ ಹಾಕಿ ನೋಡಿ.

ಮನೆಯ ಹಿರಿಯರಿಗೆ ಅಡುಗೆ ಮನೆಯಲ್ಲಿ ಇಂಥ ಬಣ್ಣ ಬೇಕು, ಕಪ್ಪು ಬೇಡ ಎಂಬ ನಂಬಿಕೆ ಇದ್ದರೆ ಅದನ್ನೂ ಮೊದಲೇ ಕೇಳಿಕೊಳ್ಳಿ. ಟೈಲ್ಸ್ ಕೂತ ಮೇಲೆ ಆ ಮಾತು ಬಂದರೆ ಯಾರಿಗೂ ಸಮಾಧಾನ ಇರುವುದಿಲ್ಲ.

5. ನೀವು ಏನು ಅಡುಗೆ ಮಾಡುತ್ತೀರಿ?

ಟೈಲ್ಸ್‌ನ ಚಿತ್ರಗಳಲ್ಲಿ ಯಾರೂ ರೊಟ್ಟಿ ಬಡಿಯುತ್ತಿರುವುದಿಲ್ಲ. ನಮ್ಮ ಮನೆಗಳಲ್ಲಿ ದಿನಾ ಬಡಿಯುತ್ತೇವೆ. ಜೋಳದ ಹಿಟ್ಟು ಹಾರಿ ಗೋಡೆಯ ಮೇಲೆ ಕೂರುತ್ತದೆ. ಗಾಢ ಬಣ್ಣದ, ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಮೇಲೆ ಆ ಬಿಳಿ ಪುಡಿ ಮಧ್ಯಾಹ್ನದ ಹೊತ್ತಿಗೆ ಮಂಜು ಬಿದ್ದ ಹಾಗೆ ಕಾಣುತ್ತದೆ. ತಂಗಿಯ ಮನೆಯಲ್ಲಿ ಕಪ್ಪು ಟೈಲ್ಸ್ ಹಾಕಿಸಲು ಎಲ್ಲರೂ ತಯಾರಾಗಿದ್ದರು. ಅಂಗಡಿಯಿಂದ ತಂದ ಒಂದು ಪೀಸ್ ಅನ್ನು ರೊಟ್ಟಿ ಬಡಿಯುವ ಜಾಗದ ಪಕ್ಕ ನಿಲ್ಲಿಸಿ ಹದಿನೈದು ರೊಟ್ಟಿ ಮಾಡಿದೆವು. ಆಮೇಲೆ ಆ ಪೀಸ್ ಮೇಲೆ ಬೆರಳಿಂದ ತಂಗಿ ತನ್ನ ಹೆಸರು ಬರೆದಳು. ಮರುದಿನ ಕೆನೆ ಬಣ್ಣಕ್ಕೆ ಒಪ್ಪಿದಳು.

ಎಣ್ಣೆಗಾಯಿ ಬದನೆಯ ಒಗ್ಗರಣೆ, ಶೇಂಗಾ ಎಣ್ಣೆಯ ಸಿಡಿತ, ಖಾರ ಹುರಿಯುವ ಘಾಟು, ಎಲ್ಲವೂ ಒಲೆಯ ಹಿಂದಿನ ಮೂರಡಿಯಲ್ಲೇ. ಅಲ್ಲಿ ನುಣುಪಾದ ಮೈ ಬೇಕು. ಹೊಳಪು ಇರಲಿ, ನುಣುಪಾದ ಮ್ಯಾಟ್ ಇರಲಿ, ಎರಡೂ ಸರಿ. ಕಲ್ಲು ಜೋಡಿಸಿದಂತೆ ಉಬ್ಬು ತಗ್ಗು ಇರುವ ಟೈಲ್ಸ್ ಮಾತ್ರ ಬೇಡ. ತಗ್ಗಿನಲ್ಲಿ ಎಣ್ಣೆ ಕೂತು, ಅದರ ಮೇಲೆ ಧೂಳು ಕೂತು, ಬ್ರಷ್ ಹಿಡಿದು ತಿಕ್ಕಬೇಕಾಗುತ್ತದೆ.

ಸಿಂಕಿನ ಹಿಂದಿನ ಗೋಡೆಯ ಕಷ್ಟ ಬೇರೆ. ಬೋರ್‌ವೆಲ್ಲಿನ ಗಡಸು ನೀರು ಸಿಡಿದು ಒಣಗಿದ ಕಡೆಯೆಲ್ಲ ಬಿಳಿ ಕಲೆ ಉಳಿಯುತ್ತದೆ. ಗಾಢ ಬಣ್ಣದ ಹೊಳಪು ಟೈಲ್ಸ್ ಮೇಲೆ ಅದು ಎದ್ದು ಕಾಣುತ್ತದೆ, ತಿಳಿ ಬಣ್ಣದಲ್ಲಿ ಅಡಗುತ್ತದೆ. ಹೀಗೆ ಹಿಟ್ಟು, ನೀರು ಎರಡೂ ನಮ್ಮ ಕಡೆ ತಿಳಿ ಬಣ್ಣದ ಪರವಾಗೇ ಇವೆ.

6. ಸ್ಯಾಂಪಲ್ ತಂದು ಮೂರು ಹೊತ್ತು ನೋಡಿ

ಅಂಗಡಿಯಲ್ಲಿ ಎರಡು ಮೂರು ಬಣ್ಣ ಇಷ್ಟವಾದರೆ ತಲಾ ಒಂದೊಂದು ಪೀಸ್ ಕೇಳಿ ತನ್ನಿ. ವಾಪಸ್ ಕೊಡುತ್ತೇನೆಂದರೆ ಎಷ್ಟೋ ಅಂಗಡಿಯವರು ಕೊಡುತ್ತಾರೆ. ಇಲ್ಲದಿದ್ದರೆ ದುಡ್ಡು ಕೊಟ್ಟೇ ತನ್ನಿ. ಅದು ದಂಡ ಅಲ್ಲ.

ಪೀಸನ್ನು ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ. ಮಲಗಿಸಿ ನೋಡಿದರೆ ಮೇಲಿನ ಬೆಳಕು ಬಿದ್ದು ಮೋಸ ಮಾಡುತ್ತದೆ. ಬೆಳಿಗ್ಗೆ ಚಹಾ ಮಾಡುವಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಲೈಟ್ ಹಚ್ಚಿದ ಮೇಲೆ ಒಮ್ಮೆ ನೋಡಿ. ಬಾಗಿಲಲ್ಲಿ ನಿಂತು ದೂರದಿಂದಲೂ ನೋಡಿ, ಒಲೆ ಮುಂದೆ ನಿಂತು ಹತ್ತಿರದಿಂದಲೂ ನೋಡಿ. ಮೂರು ಹೊತ್ತೂ ಚಂದ ಕಾಣುವ ಬಣ್ಣ ಸಿಕ್ಕರೆ ಅದೇ ನಿಮ್ಮದು. ಸಿಗದಿದ್ದರೆ ನೀವು ಜಾಸ್ತಿ ಹೊತ್ತು ಅಡುಗೆ ಮನೆಯಲ್ಲಿರುವ ವೇಳೆಗೆ ಯಾವುದು ಚಂದವೋ ಅದನ್ನು ಆರಿಸಿ.

ರಾತ್ರಿ ಮಲಗುವಾಗ ಒಂದು ಪರೀಕ್ಷೆ. ಒಂದು ಚಿಟಿಕೆ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಪೀಸಿನ ಮೂಲೆಗೆ ಹಚ್ಚಿಡಿ. ಬೆಳಿಗ್ಗೆ ಸಾಬೂನು ನೀರಿನ ಬಟ್ಟೆಯಿಂದ ಒರೆಸಿ. ಕಲೆ ಪೂರ್ತಿ ಹೋದರೆ ಅದರ ಮೆರುಗು ಗಟ್ಟಿ. ಹಳದಿ ನೆರಳು ಉಳಿದರೆ ಆ ಟೈಲ್ಸ್ ಬಿಟ್ಟುಬಿಡಿ. ಈ ಪರೀಕ್ಷೆ ಮಾಡುವುದಿದ್ದರೆ ಆ ಪೀಸಿಗೆ ಮೊದಲೇ ದುಡ್ಡು ಕೊಟ್ಟಿರಿ, ಕಲೆಯಾದದ್ದನ್ನು ವಾಪಸ್ ಕೊಡುವುದು ಸರಿಯಲ್ಲ.

7. ಸಂದಿನ ಬಣ್ಣ

ಟೈಲ್ಸ್ ನಡುವಿನ ಸಂದಿಗೆ ತುಂಬುವುದಕ್ಕೆ ಗ್ರೌಟ್ ಅನ್ನುತ್ತಾರೆ. ಎಲ್ಲ ಮುಗಿದ ಮೇಲೆ ಗವಂಡಿ ಕೇಳುತ್ತಾರೆ, ‘ಗ್ರೌಟ್ ಯಾವ ಬಣ್ಣ ತರಲಿ?’ ‘ಬಿಳಿ ತನ್ನಿ’ ಅಂದುಬಿಡುತ್ತೇವೆ. ಆರು ತಿಂಗಳಲ್ಲಿ ಒಲೆಯ ಹಿಂದೆ ಆ ಬಿಳಿ ಗೆರೆ ಹಳದಿಯಾಗಿರುತ್ತದೆ. ಸಿಮೆಂಟ್ ಗ್ರೌಟ್ ಎಣ್ಣೆ, ಅರಿಶಿನ ಎರಡನ್ನೂ ಹೀರುತ್ತದೆ. ಎಪಾಕ್ಸಿ ಎಂಬ ರಾಳದ ಗ್ರೌಟ್ ಹೀರುವುದಿಲ್ಲ. ಬೆಲೆ ಜಾಸ್ತಿ, ತುಂಬಲು ಅನುಭವದ ಕೈ ಬೇಕು. ದುಡ್ಡು ಉಳಿಸಬೇಕೆಂದರೆ ಒಲೆಯ ಹಿಂದೆ ಮತ್ತು ಸಿಂಕಿನ ಹಿಂದೆ ಮಾತ್ರ ಎಪಾಕ್ಸಿ ಹಾಕಿಸಿ. ಎರಡರ ಬಣ್ಣವೂ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬಣ್ಣ ಟೈಲ್ಸ್‌ಗಿಂತ ಒಂದೆರಡು ಛಾಯೆ ಗಾಢ ಇರಲಿ. ಕೆನೆ ಟೈಲ್ಸ್‌ಗೆ ಗೋಧಿ ಬಣ್ಣದ ಗ್ರೌಟ್. ಬಿಳಿ ಟೈಲ್ಸ್‌ಗೆ ತಿಳಿ ಬೂದು, ಕಟ್ಟೆ ಕೆಂಪಾಗಿರದಿದ್ದರೆ. ಸಣ್ಣ ಇಟ್ಟಿಗೆ ಆಕಾರದ ಟೈಲ್ಸ್‌ನಲ್ಲಿ ಸಂದುಗಳು ಹೆಚ್ಚು. ಅಲ್ಲಿ ಗ್ರೌಟ್ ಬಣ್ಣ ಬದಲಾದರೆ ಗೋಡೆಯೇ ಬೇರೆಯಾಗುತ್ತದೆ. ಎರಡು ಪೀಸ್ ನಡುವೆ ಗ್ರೌಟ್ ತುಂಬಿಸಿ, ಒಣಗಿಸಿ ನೋಡಿಯೇ ಮುಂದುವರಿಯಿರಿ.

8. ಅಳತೆ, ಖರೀದಿ

ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಸಾಮಾನ್ಯವಾಗಿ 2 ಅಡಿ. ಕಟ್ಟೆ ಒಂದು ಬದಿ 9 ಅಡಿ, ಇನ್ನೊಂದು ಬದಿ 6 ಅಡಿ ಇದ್ದರೆ ಒಟ್ಟು 15 ಅಡಿ ಉದ್ದ, 30 ಚದರ ಅಡಿ. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ನೂರಕ್ಕೆ ಹತ್ತು ಸೇರಿಸಿ, 33 ಚದರ ಅಡಿ. 12 x 18 ಇಂಚಿನ ಒಂದು ಪೀಸ್ ಎಂದರೆ ಒಂದೂವರೆ ಚದರ ಅಡಿ. 22 ಪೀಸ್ ಬೇಕು. ಬಾಕ್ಸ್‌ನಲ್ಲಿ 6 ಪೀಸ್ ಇದ್ದರೆ 4 ಬಾಕ್ಸ್. ಎಷ್ಟು ಪೀಸ್ ಎಂಬುದು ಬಾಕ್ಸ್ ಮೇಲೇ ಇರುತ್ತದೆ, ಓದಿ.

ಇಲ್ಲೊಂದು ಸಣ್ಣ ವಿಷಯ. 12 x 18 ಇಂಚು ಎಂದು ಕರೆದರೂ ನಿಜವಾದ ಅಳತೆ 300 x 450 ಮಿಲಿಮೀಟರ್, ಅಂದರೆ ಸ್ವಲ್ಪ ಕಡಿಮೆ. 9 ಅಡಿಗೆ ಆರು ಪೀಸ್ ಜೋಡಿಸಿದರೆ ಕೊನೆಗೆ ಒಂದೂವರೆ ಇಂಚಿನಷ್ಟು ಜಾಗ ಉಳಿಯುತ್ತದೆ. ಅಲ್ಲಿ ತೆಳ್ಳನೆಯ ಪಟ್ಟಿ ಬಂದು ಅಸಹ್ಯ ಕಾಣುತ್ತದೆ. ಕೆಲಸ ಶುರುವಾಗುವ ಮೊದಲೇ ಗವಂಡಿಯ ಜೊತೆ ಕೂತು ಆ ಪಟ್ಟಿ ಎಲ್ಲಿ ಬರಬೇಕೆಂದು ಮಾತಾಡಿ. ಮೂಲೆಯಲ್ಲಿ ಫ್ರಿಜ್ ಅಥವಾ ಡಬ್ಬಿಗಳ ಹಿಂದೆ ಅಡಗಿಸಬಹುದು. ಎತ್ತರದಲ್ಲಿ ಪೂರ್ತಿ ಪೀಸ್ ಕಟ್ಟೆಯಿಂದ ಶುರುವಾಗಲಿ, ಕತ್ತರಿಸಿದ್ದು ಕಪಾಟಿನ ಕೆಳಗೆ ಹೋಗಲಿ.

ಬಾಕ್ಸ್ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತವೆ. ಗುಜರಾತಿನ ಮೋರ್ಬಿಯಿಂದ ಬಂದದ್ದಿರಲಿ, ಬೇರೆ ಕಡೆಯದ್ದಿರಲಿ, ಎಲ್ಲ ಬಾಕ್ಸಿನ ನಂಬರೂ ಒಂದೇ ಇರಬೇಕು. ಡಿಸೈನ್ ಒಂದೇ ಆದರೂ ಭಟ್ಟಿ ಬದಲಾದರೆ ಬಣ್ಣ ಎಳೆಯಷ್ಟು ಬದಲಾಗುತ್ತದೆ. ಗೋಡೆಯಲ್ಲಿ ಅಕ್ಕಪಕ್ಕ ಕೂತಾಗ ಆ ಎಳೆ ಕಾಣುತ್ತದೆ. ಅಂಗಡಿಯಲ್ಲೇ ಎರಡು ಮೂರು ಬಾಕ್ಸ್ ತೆರೆಸಿ ಬಿಸಿಲಿಗೆ ತಂದು ಹೋಲಿಸಿ. ಲೆಕ್ಕಕ್ಕಿಂತ ಒಂದು ಬಾಕ್ಸ್ ಜಾಸ್ತಿ ಕೊಳ್ಳಿ.

9. ಕೂರಿಸುವಾಗ

ಇದು ಗವಂಡಿಯ ಕೆಲಸ, ಆದರೂ ಎರಡು ಮಾತು. ಸಿಮೆಂಟಿನಲ್ಲಿ ಕೂರಿಸುವ ಸಿರಾಮಿಕ್ ಟೈಲ್ಸ್ ಅನ್ನು ಮೊದಲು ನೀರಲ್ಲಿ ನೆನೆಸಬೇಕು, ಗುಳ್ಳೆ ನಿಲ್ಲುವ ತನಕ. ಇಲ್ಲದಿದ್ದರೆ ಅದು ಸಿಮೆಂಟಿನ ನೀರನ್ನೇ ಕುಡಿದು ಹಿಡಿತ ಸಡಿಲ ಮಾಡುತ್ತದೆ. ಟೈಲ್ ಅಂಟಿನಲ್ಲಿ ಕೂರಿಸುವುದಾದರೆ ನೆನೆಸಬಾರದು. ಗಾಜಿನಂತೆ ಬಿಗಿಯಾಗುವ ಹಾಗೆ ಸುಟ್ಟ ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೆ ಅಂಟೇ ಬೇಕು. ಹಳೆಯ ಗೋಡೆಗೆ ಪೇಂಟ್, ಪುಟ್ಟಿ ಇದ್ದರೆ ಕೆರೆದು, ಉಳಿಯಿಂದ ಕಚ್ಚು ಹಾಕಿಸಿ. ಪೇಂಟಿನ ಮೇಲೆ ಅಂಟಿಸಿದ ಟೈಲ್ಸ್ ಪೇಂಟಿನ ಜೊತೆಗೇ ಕಳಚಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯಲು ಬಿಡಬೇಡಿ. ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ. ಕಟ್ಟೆ ಕಡಪಾ ಕಲ್ಲಿನದಾದರೆ ಅದನ್ನೂ ತಿನ್ನುತ್ತದೆ, ಅದು ಸುಣ್ಣದ ಕಲ್ಲು.

ಉಳಿದ ಟೈಲ್ಸ್ ಬಾಕ್ಸಿನ ಸಮೇತ ಅಟ್ಟದ ಮೇಲೆ ಇಡಿ. ಒಂದು ಪೀಸಿನ ಹಿಂಬದಿಗೆ ಮಾರ್ಕರಿನಲ್ಲಿ ಶೇಡ್ ನಂಬರ್, ಗ್ರೌಟಿನ ಬಣ್ಣ, ಕೊಂಡ ತಾರೀಖು ಬರೆದಿಡಿ. ಬಾಕ್ಸನ್ನು ಇಲಿ ತಿಂದರೂ ಅದು ಉಳಿಯುತ್ತದೆ.